ಯಾರ ಹೊಟ್ಟೆಯವರು, ಯಾವ ಒಲೆಯವರು: ನನ್ನ ಅನುಭವ

ಬಿ.ಎ.ಗೆ ಸಮಾಜಶಾಸ್ತ್ರ ತಗೊಂಡಾಗ ಮನೆಯವರೂ, ಕೆಲಸಕ್ಕೆ ಸೇರಿದಾಗ ಜೊತೆಯವರೂ ಹೇಳಿದ್ದು ಒಂದೇ ಮಾತು: ಅದೆಲ್ಲ ಪರೀಕ್ಷೆಗೆ, ಫೀಲ್ಡಿಗೆ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಮಾಸ್ಟರ್ ಡಿಗ್ರಿ, ಬೇಕು. ಈ ವರ್ಷ ಅಂಕೋಲೆ ಕಡೆಯ ಎರಡು ಕೊಪ್ಪಗಳಲ್ಲಿ (ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ) ಸುಮಾರು 11 ಅಜ್ಜಿಯರಿಗೆ ಪಿಂಚಣಿ ಆಯಿತು. ಅದನ್ನು ಮಾಡಿಸಿದ್ದು ಅದೇ ಸಮಾಜಶಾಸ್ತ್ರ.

ಮೊದಲ ವರ್ಷ ನಾನೂ ಮನೆಮನೆಯ ವಿವರ ಕೇಳುವ ಫಾರ್ಮ್ ಹಿಡಿದೇ ಹೋದೆ. 40 ಪ್ರಶ್ನೆ. ಝೆರಾಕ್ಸಿಗೇ 1,200 ರೂಪಾಯಿ, ಕೈಯಿಂದ. ಹೋಗಿದ್ದು ನಾಟಿ ಹೊತ್ತಿಗೆ. ಗದ್ದೆಯಿಂದ ಬಂದವರು ಎಲ್ಲದಕ್ಕೂ ಹೌದು ಅಂದು ಕಳಿಸಿದರು.

ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ ಎರಡು ಸಲ ವಾಪಸ್ ಬಂತು. ರೇಷನ್ ಕಾರ್ಡಿಗೂ ಅರ್ಜಿಗೂ ತಾಳೆ ಇಲ್ಲ. ನೋಡಿದರೆ ನಾನೇ ಬರೆದಿದ್ದೆ, ಗಂಡುಮಕ್ಕಳು 5. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅಕ್ಕನ ಮಕ್ಕಳು, ಭಾವನ ಮಕ್ಕಳು ಎಲ್ಲ ನಮ್ಮಲ್ಲಿ ಮಕ್ಕಳೇ ಅಲ್ವಾ? ಹೆತ್ತ ಮಗ ಒಬ್ಬನೇ, ಅವನು ಗೋವಾದಲ್ಲಿ.

ಅವತ್ತು ರಾತ್ರಿ ಬಿ.ಎ.ಯ ಬಂಧುತ್ವದ ನೋಟ್ಸ್, ಅಂದರೆ ಯಾರಿಗೆ ಯಾರು ಏನಾಗಬೇಕು ಅನ್ನುವ ಪಾಠ, ಹುಡುಕಿ ತೆಗೆದೆ. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ, ಮದುವೆಗೆ ಜೋಡಿ ಗೆರೆ. ರಿವರ್ಸ್ ಅನ್ನುವ ಮಾನವಶಾಸ್ತ್ರಜ್ಞರು 1901-02ರಲ್ಲಿ ನೀಲಗಿರಿಯ ತೋಡ ಬುಡಕಟ್ಟಿನವರ ಜೊತೆ ಕೂತು ವಂಶಾವಳಿ ಬರೆದುಕೊಂಡರು. ಅಣ್ಣ, ಮಗ ಅನ್ನುವ ಮಾತು ಬಿಟ್ಟು ಯಾರ ಹೊಟ್ಟೆಯವರು ಅಂತ ಮಾತ್ರ ಕೇಳುವುದು. ಅದಕ್ಕೆ ನಾನು ಸೇರಿಸಿದ್ದು ಎರಡು ಬಣ್ಣದ ಸುತ್ತುಗೆರೆ. ಒಂದೇ ರೇಷನ್ ಕಾರ್ಡಿನವರ ಸುತ್ತ ಕೆಂಪು, ಒಂದೇ ಒಲೆಯಲ್ಲಿ ಉಣ್ಣುವವರ ಸುತ್ತ ಹಸಿರು. ಎರಡೂ ಹೊಂದದ ಕಡೆ ತೊಂದರೆ ಇದೆ ಅಂತಲೇ ಲೆಕ್ಕ. ಕೆಲವು ಅಜ್ಜಿಯರು ಯಾವ ಕೆಂಪಿನ ಒಳಗೂ ಇರಲಿಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ಉಳಿದವರಿಗೆ ವಿಧವಾ ವೇತನ ಅಂತ ನಾಡಕಚೇರಿಗೆ ಹೋದೆ. ಒಂದೂ ವಾಪಸ್ ಬರಲಿಲ್ಲ. ಡ್ರಾಯಿಂಗ್ ಪುಸ್ತಕಕ್ಕೆ ಖರ್ಚಾಗಿದ್ದು ನೂರರ ಒಳಗೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ಇಲ್ಲ.

ಒಮ್ಮೆ ಈ ವಂಶಾವಳಿಯನ್ನು ಅಂಗಳದಲ್ಲೇ ಇದ್ದಿಲಿನಿಂದ ಬರೆದು ನೋಡಿದೆ. ಊರೆಲ್ಲ ಸೇರಿ ಬೇಗ ತುಂಬಿಸಿದರು. ಆದರೆ ಯಾರದೋ ಎರಡನೇ ಮದುವೆ ಎಲ್ಲರ ಮುಂದೆ ಬಂತು. ಆ ಮನೆಯ ಬಾಗಿಲು ಮೂರು ತಿಂಗಳು ನನಗೆ ತೆರೆಯಲಿಲ್ಲ. ತಪ್ಪು ನನ್ನದೇ. ಈಗ ಒಳಗೆ ಕೂತೇ ಬರೆಯುತ್ತೇನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಯೂ ನೋಡಿದೆ, ಜನ ಮಾತೇ ಬದಲಿಸಿದರು, ಬಿಟ್ಟೆ. ಕೊಪ್ಪದಲ್ಲಿ ಮೊದಲು ಯಾರ ಮನೆಗೆ ಹೋಗಬೇಕು ಅನ್ನುವುದನ್ನು ನಾಲ್ಕು ವರ್ಷ ಅಲೆದು ಕಲಿತಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಈಗ ಇದೇ ಹಾಳೆಗಳನ್ನು ಅರಣ್ಯ ಹಕ್ಕಿನ ಅರ್ಜಿಗೆ ಬಳಸುತ್ತಿದ್ದೇನೆ. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಹಾಗಾಗಿ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರು, ಕಾಡನ್ನು ನಂಬಿ ಇಲ್ಲೇ ಇದ್ದದ್ದನ್ನು ತೋರಿಸಬೇಕು. ಹಿರಿಯರ ಹೇಳಿಕೆ ಬರೆದುಕೊಟ್ಟರೆ ಅದೂ ಪುರಾವೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟು ಒಂದು ಹಾಳೆಯಲ್ಲಿ ಮೂವರು ಬೊಮ್ಮ ಬಂದಿದ್ದಾರೆ. ಒಂದು, ಎರಡು, ಮೂರು ಅಂತ ನಂಬರ್ ಹಾಕಿದ್ದೇನೆ. ಒಂದನೇ ಬೊಮ್ಮನನ್ನು ಕಣ್ಣಾರೆ ಕಂಡವರನ್ನು ಹುಡುಕುತ್ತಿದ್ದೇನೆ.