ಆಗಮನ ಕಾಲ: ಕ್ರಿಸ್ಮಸ್ಸಿಗೆ ಮುಂಚೆ ಕಾಯೋದು ಹೇಗೆ?

ನವೆಂಬರ್ ಮುಗಿಯೋ ಹೊತ್ತಿಗೆ ನಮ್ಮ ದಾವಣಗೆರೆ ಪೇಟೆಲಿ ಸ್ಟಾರು, ಸೀರಿಯಲ್ ಸೆಟ್ಟು ಬಂದ್ಬಿಡ್ತಾವೆ, ನಾವೂ ಅದೇ ದಿನ ತಂದು ಹಚ್ಚಿ ಕೇಕು ತಿಂದು ವಾಟ್ಸಾಪ್ ಸ್ಟೇಟಸ್ಸಲ್ಲಿ ವಿಶ್ ಮಾಡಿ, 25ನೇ ತಾರೀಕು ಬರೋದ್ರೊಳಗೆ ಹಬ್ಬನೇ ಸಾಕಾಗಿರುತ್ತೆ. ಆಗಮನ ಕಾಲ ಅಂತ ಒಂದಿದೆಯಲ್ಲ, ಅದು ಹಬ್ಬ ಅಲ್ಲ, ಹಬ್ಬಕ್ಕೆ ಕಾಯೋ ಕಾಲ. ಬೇಗ ಮಾಡೋದಲ್ಲ, ಬೇಕಂತಲೇ ತಡ ಮಾಡೋದು.

ಮೊದಲು ಕ್ಯಾಲೆಂಡರ್ ತಗೊಳ್ರಿ. ಕ್ರಿಸ್ಮಸ್ಸಿನ ಹಿಂದಿನ ನಾಲ್ಕು ಭಾನುವಾರ ಎಣಿಸಿ ಗುಂಡು ಸುತ್ತಿ, 2026ಕ್ಕೆ ನವೆಂಬರ್ 29, ಡಿಸೆಂಬರ್ 6, 13, 20. ದಿನಗಳ ಲೆಕ್ಕ ಪ್ರತಿ ವರ್ಷ ಒಂದೇ ಇರಲ್ಲ, ಕ್ರಿಸ್ಮಸ್ ಸೋಮವಾರ ಬಿದ್ರೆ ಬರೀ 22 ದಿನ, ಭಾನುವಾರ ಬಿದ್ರೆ 28.

ಆಮೇಲೆ ನಾಲ್ಕು ದೀಪದ ಚಕ್ರ, ಭಾನುವಾರಕ್ಕೊಂದು ದೀಪ ಜಾಸ್ತಿ ಹಚ್ಚೋದು. ಇದನ್ನ 1839ರಲ್ಲಿ ಜರ್ಮನಿಯ ಹ್ಯಾಂಬರ್ಗಲ್ಲಿ ಬಡ ಮಕ್ಕಳ ಆಶ್ರಮ ನಡೆಸ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಅನ್ನೋ ಪಾದ್ರಿ ಶುರು ಮಾಡಿದ್ದು. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ಪ್ರಾಣ ತಿಂತಿದ್ವಂತೆ, ಅದಕ್ಕೆ ಒಂದು ಗಾಡಿ ಚಕ್ರದ ಮೇಲೆ ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಸಣ್ಣದು ಅಂತ ಮೇಣದಬತ್ತಿ ಇಟ್ಟು ದಿನಕ್ಕೊಂದು ಹಚ್ಚಿಸಿದ್ರು. ನಮಗೆ ಗಾಡಿ ಚಕ್ರ ಬೇಡ, ಒಂದು ಸ್ಟೀಲ್ ತಟ್ಟೆ ಸಾಕು, ಸುತ್ತ ಸರ್ವೆ ಸೊಪ್ಪು ಇಡ್ರಿ. ಚರ್ಚಲ್ಲಿ ಮೂರು ನೇರಳೆ, ಒಂದು ಗುಲಾಬಿ ಬತ್ತಿ ಇರ್ತಾವೆ. ನೇರಳೆ ಬಣ್ಣದ್ದು ಅಂಗಡಿಲಿ ಸಿಗಲಿಲ್ಲ ಅಂದ್ರೆ ಬಿಳಿ ಬತ್ತಿಯ ಬುಡಕ್ಕೆ ರಿಬ್ಬನ್ ಕಟ್ರಿ, ಬುಡಕ್ಕೆ ಅಂತ ಒತ್ತಿ ಹೇಳ್ತಿದೀನಿ, ನಾನು ಒಂದ್ ಸಲ ಮಧ್ಯಕ್ಕೆ ಕಟ್ಟಿ ಮೂರನೇ ದಿನ ಸೊಪ್ಪಿಗೇ ಬೆಂಕಿ ಹತ್ತಿತ್ತು. ಅದೂ ಬೇಡ ಅಂದ್ರೆ ದೀಪಾವಳಿಲಿ ಉಳಿದ ನಾಲ್ಕು ಹಣತೆ ಇಡ್ರಿ, ದೇವರೇನು ಬೇಜಾರಾಗಲ್ಲ. ಮೊದಲ ವಾರ ಒಂದೇ ಹಚ್ಚಬೇಕು, ಮಕ್ಕಳು ಎಷ್ಟೇ ಹಠ ಮಾಡಿದ್ರೂ ಒಂದೇ. ಹಚ್ಚುವಾಗ ಟ್ಯೂಬ್‌ಲೈಟ್ ಆರಿಸಿ, ಆಗಲೇ ಗೊತ್ತಾಗೋದು ಒಂದು ಬತ್ತಿ ಎಷ್ಟು ಬೆಳಕು ಕೊಡುತ್ತೆ ಅಂತ.

ಓದೋದಕ್ಕೆ ಬೈಬಲ್ಲಿನ ಲೂಕನ ಶುಭಸಂದೇಶ ಒಳ್ಳೇದು, 24 ಅಧ್ಯಾಯ ಇದಾವೆ, ಡಿಸೆಂಬರ್ ಒಂದರಿಂದ ದಿನಕ್ಕೊಂದು ಓದಿದ್ರೆ 24ಕ್ಕೆ ಸರಿಯಾಗಿ ಮುಗಿಯುತ್ತೆ. ಮೊದಲನೇದೇ 80 ವಚನ, ಉದ್ದ, ಹಂಗಂತ ಬಿಡಬೇಡ್ರಿ. ಅದರಲ್ಲಿ ಜಕರೀಯ ಅನ್ನೋ ಮುದುಕ ಯಾಜಕನ ಕಥೆ ಬರುತ್ತೆ, ಈ ವಯಸ್ಸಲ್ಲಿ ನಮಗೆ ಮಗುನಾ ಅಂತ ದೇವದೂತನ ಮಾತು ನಂಬಲ್ಲ, ಮಗು ಹುಟ್ಟಿ ಹೆಸರಿಡೋವರೆಗೂ ಬಾಯೇ ಹೋಗುತ್ತೆ. ಅಷ್ಟು ತಿಂಗಳು ಮಾತಿಲ್ಲದೆ ಕಾದ ಮನುಷ್ಯ. ನಮಗೆ ದಿನಕ್ಕೆ ಕಾಲು ಗಂಟೆ ಆಗುತ್ತಾ ನೋಡೋಣ, ಫೋನ್ ಅಡುಗೆಮನೆಲಿಟ್ಟು ದೀಪದ ಮುಂದೆ ಸುಮ್ನೆ ಕೂತ್ಕೊಳ್ಳೋದು. ಮೊದಲ ವಾರ ಬರೀ ಇಎಂಐ, ಫೀಸು, ಗ್ಯಾಸ್ ಸಿಲಿಂಡರ್ ನೆನಪಾಗುತ್ತೆ, ಆಗ್ಲಿ ಬಿಡ್ರಿ.

ಭರವಸೆ ಅಂದ್ರೆ ಏನು ಅಂತ ಮಕ್ಕಳು ಕೇಳಿದ್ರೆ ನಾನು ಭದ್ರಾ ನಾಲೆ ಕೊನೆ ಭಾಗದ ರೈತರನ್ನ ತೋರಿಸ್ತೀನಿ. ನೀರು ಇನ್ನೂ ಬಂದಿರಲ್ಲ, ಬರುತ್ತೋ ಇಲ್ವೋ ಗ್ಯಾರಂಟಿನೂ ಇರಲ್ಲ, ಆದ್ರೂ ಬದು ಕಟ್ಟಿ ಗದ್ದೆ ಹಸನು ಮಾಡಿ ಇಟ್ಕೊಂಡಿರ್ತಾರೆ. ಸುಮ್ನೆ ಕೂತು ಆಸೆ ಪಡೋದು ಬೇರೆ, ಇದು ಬೇರೆ.

ಈಗ ನನಗೆ ಇಷ್ಟವಾದ ಕೆಲಸ, ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ರಾಗಿ ಪೈರು. ಹಂಗೇರಿ, ಕ್ರೊಯೇಷಿಯಾ ಕಡೆ ಡಿಸೆಂಬರ್ 13ಕ್ಕೆ, ಸಂತ ಲೂಸಿಯ ಹಬ್ಬದ ದಿನ, ತಟ್ಟೆಲಿ ಗೋಧಿ ಬಿತ್ತಿ ಕ್ರಿಸ್ಮಸ್ಸಿಗೆ ಹಸಿರು ಮಾಡ್ತಾರೆ. ಇಲ್ಲಿ ನವರಾತ್ರಿಗೆ ಘಟ ಇಟ್ಟು ನವಧಾನ್ಯ ಮೊಳಕೆ ಬರಿಸೋದು ನೋಡಿದೀರಲ್ಲ, ಹಂಗೇ. ನಾನು ಮೊದಲ ಸಲ ಅವಸರಕ್ಕೆ ಒಂದನೇ ತಾರೀಕೇ ಬಿತ್ತಿದ್ದೆ, ಕ್ರಿಸ್ಮಸ್ ದಿನ ನೋಡಿದ್ರೆ ಎಲ್ಲ ಹಳದಿಯಾಗಿ ಮಲಗಿತ್ತು. ಅದಕ್ಕೇ 13. ಅಗಲವಾದ ತಟ್ಟೆಗೆ ಎರಡು ಬೆರಳು ಮಣ್ಣು ಹಾಕಿ, ಒಂದು ರಾತ್ರಿ ನೆನೆಸಿದ ರಾಗಿ ಒತ್ತೊತ್ತಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು. ನೀರು ಸುರಿಯಬೇಡ್ರಿ, ಕೈಯಲ್ಲಿ ಚಿಮುಕಿಸಿ. ಮೂರು ದಿನ ಏನೂ ಕಾಣಲ್ಲ, ನಮ್ಮ ಮಗಳು ದಿನಾ ಬೆಳಿಗ್ಗೆ ಎದ್ದು ಮಣ್ಣು ಕೆದಕಿ ನೋಡ್ತಿದ್ಲು, ಕೆದಕಬೇಡ ಅಂತ ಹೇಳೋದೇ ಒಂದು ಕೆಲಸ. ಆಮೇಲೆ ಒಂದಿನ ಸೂಜಿ ಮೊನೆ ಹಂಗೆ ಎದ್ದಿರುತ್ತೆ.

ಗೋದಲಿ ಕಟ್ಟಿ, ಆದ್ರೆ ಬಾಲಯೇಸುವಿನ ಜಾಗ ಖಾಲಿ ಬಿಡ್ರಿ. ಪಕ್ಕದಲ್ಲಿ ಒಂದು ಹಿಡಿ ಭತ್ತದ ಹುಲ್ಲು ಇಟ್ಟು, ಯಾರಿಗಾದ್ರೂ ಒಂದು ಸಹಾಯ ಮಾಡಿದ ದಿನ ಒಂದೊಂದು ಕಡ್ಡಿ ಆ ತೊಟ್ಟಿಲಿಗೆ ಹಾಕೋದು, ಏನು ಮಾಡಿದೆ ಅಂತ ಹೇಳೋ ಹಂಗಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಒಂದು ಫೋನ್ ಮಾಡಿದ್ರೆ ಅದಕ್ಕೆ ಹತ್ತು ಕಡ್ಡಿ ಹಾಕ್ಬೋದು ಅಂತ ನನ್ನ ಲೆಕ್ಕ.

ಪಾಪನಿವೇದನೆನ, ಅಂದ್ರೆ ಫಾದರ್ ಹತ್ರ ತಪ್ಪು ಹೇಳ್ಕೊಳ್ಳೋದನ್ನ, ಕೊನೆ ವಾರಕ್ಕೆ ಇಟ್ಕೋಬೇಡ್ರಿ, ಸಾಲು ಉದ್ದ ಇರುತ್ತೆ, ಫಾದರೂ ಸುಸ್ತಾಗಿರ್ತಾರೆ. ಎರಡನೇ ವಾರ ಹರಿಹರಕ್ಕೆ ಹೋಗಿ ಆರೋಗ್ಯ ಮಾತೆ ಚರ್ಚಲ್ಲಿ ಒಂದು ಗಂಟೆ ಕೂತು ಬಂದ್ರೂ ಆಯ್ತು. ಈ ಭಾನುವಾರಗಳ ಪೂಜೇಲಿ ಗ್ಲೋರಿಯಾ, ಅಂದ್ರೆ ದೇವರಿಗೆ ಮಹಿಮೆ ಅನ್ನೋ ಸ್ತುತಿಗೀತೆ, ಹಾಡಲ್ಲ, ಗಮನಿಸಿದೀರಾ? ದೇವದೂತರು ಹಾಡಿದ್ದು ಯೇಸು ಹುಟ್ಟಿದ ರಾತ್ರಿ, ಅದಕ್ಕೆ ಅಲ್ಲಿವರೆಗೆ ಚರ್ಚೂ ಬಾಯಿ ಬಿಗಿಹಿಡಿದಿರುತ್ತೆ.

24ರ ರಾತ್ರಿ ಪೂಜೆ ಮುಗಿಸ್ಕೊಂಡು ಚಳಿಲಿ ಮನೆಗೆ ಬಂದು, ಮನೆಲಿ ಎಲ್ಲರಿಗಿಂತ ಚಿಕ್ಕವರ ಕೈಲಿ ಬಾಲಯೇಸುನ ಹುಲ್ಲಿನ ಮೇಲೆ ಮಲಗಿಸಿ, ಸ್ಟಾರಿನ ಸ್ವಿಚ್ ಆಗ ಹಾಕಿ. ಜನವರಿಲಿ ಗೋದಲಿ ಬಿಚ್ಚುವಾಗ ರಾಗಿ ಪೈರನ್ನ ಕಸದ ಗಾಡಿಗೆ ಹಾಕಬೇಡ್ರಿ, ನಮ್ಮ ಓಣಿಲಿ ಒಂದು ಹಸು ಅದಕ್ಕೇ ಬಾಗಿಲಿಗೆ ಬಂದು ನಿಲ್ಲುತ್ತೆ.