ಅಪ್ಪನ ಮಳೆ ಡೈರಿಗೆ ಒಂದು ಲಿಸ್ಟ್ ಕ್ಲಾಸ್

ಅಪ್ಪ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ರೈನ್ ಗೇಜ್ ಹತ್ತಿರ ಹೋಗುತ್ತಾರೆ. ಒಳಗಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡಿ, ಒಳಗೆ ಬಂದು ಡೈರಿಯಲ್ಲಿ ಬರೆಯುತ್ತಾರೆ. ಕೊಪ್ಪದ ಕಡೆ ಕಾಫಿ, ಅಡಿಕೆ ಇರುವ ಮನೆಗಳಲ್ಲಿ ಇದು ಹೊಸದೇನಲ್ಲ. ಮಿಲಿಮೀಟರು ಹವಾಮಾನ ಇಲಾಖೆಯವರಿಗೆ. ನಮ್ಮಲ್ಲಿ ಇಂಚು ಮತ್ತು ಸೆಂಟು. ಒಂದು ಇಂಚಿಗೆ ನೂರು ಸೆಂಟು. ಡೈರಿಯಲ್ಲಿ 2.35 ಅಂತ ಇದ್ದರೆ ಎರಡು ಇಂಚು ಮೂವತ್ತೈದು ಸೆಂಟು ಅಂತ ಅರ್ಥ.

1991ರ ಜನವರಿ 1ರಿಂದ 2023ರ ಡಿಸೆಂಬರ್ 31ರವರೆಗಿನ ಡೈರಿಗಳನ್ನು ನಾನು, ನನ್ನ ಚಿಕ್ಕಪ್ಪನ ಮಗ ಸೇರಿ ಸ್ಪ್ರೆಡ್‌ಶೀಟಿಗೆ ಹಾಕಿದೆವು. ಆಮೇಲೆ ಅಪ್ಪನ ಪ್ರಶ್ನೆ ಶುರುವಾಯಿತು. "ಆರಿದ್ರಾದಲ್ಲಿ ಯಾವ ವರ್ಷ ಕಮ್ಮಿ ಬಿದ್ದದ್ದು ನೋಡೇ." "ಹೂಮಳೆ ಯಾವ ವರ್ಷ ಬೇಗ ಬಂತು?" ಅವರ ಲೆಕ್ಕ ಜೂನ್, ಜುಲೈ ಅಂತ ತಿಂಗಳಲ್ಲಿ ನಡೆಯುವುದಿಲ್ಲ. ಮಳೆ ನಕ್ಷತ್ರದಲ್ಲಿ ನಡೆಯುತ್ತದೆ. ಆರಿದ್ರಾ ಅಂದರೆ ಸುಮಾರು ಜೂನ್ 22ರಿಂದ ಜುಲೈ 5. ಹಾಗೆ ಹದಿಮೂರು, ಹದಿನಾಲ್ಕು ದಿನಕ್ಕೊಂದು ತುಂಡು. ತಾರೀಕು ಹೇಳಿದರೆ ಆ ತುಂಡನ್ನು ಕತ್ತರಿಸಿ ಕೊಡುವ ಲಿಸ್ಟ್, ಅಂದರೆ ಬೆಲೆಗಳನ್ನು ಸಾಲಾಗಿ ಇಡುವ ಪಟ್ಟಿ, ಬೇಕಿತ್ತು. ನಾನು ದಿನಾ ಬಳಸುವ ಪ್ರೋಗ್ರಾಮಿಂಗ್ ಭಾಷೆ ಪೈತಾನ್, ಅದರಲ್ಲೇ ಬರೆದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ಸಲ ಬರೆಯಬೇಕಾಯಿತು.

ಇಂಥ ಕೋಷ್ಟಕಗಳಿಗೆ ಪೈತಾನಿನಲ್ಲಿ ಸಿದ್ಧ ಸಿಗುವ ಪಾಂಡಾಸ್ ಲೈಬ್ರರಿ ಯಾಕೆ ಬಳಸಲಿಲ್ಲ ಅಂತ ಕೇಳುವವರಿಗೆ: ನೋಡಿದೆ. ಪೂರ್ಣಾಂಕಗಳ ನಡುವೆ ಒಂದು ಖಾಲಿ ಜಾಗ ಬಂದರೂ ಅದು ಇಡೀ ಕಾಲಮ್ಮನ್ನು ದಶಮಾಂಶ ಮಾಡಿಬಿಡುತ್ತದೆ. 235 ಇದ್ದದ್ದು 235.0 ಆಗುತ್ತದೆ. ಇದನ್ನು ತಪ್ಪಿಸುವ ದಾರಿ ಇದೆ, ಆದರೆ ಮನೆಯ ಹಳೇ ಲ್ಯಾಪ್‌ಟಾಪಿಗೆ ಅಷ್ಟು ದೊಡ್ಡದನ್ನು ಇಳಿಸುವ ಮನಸ್ಸಾಗಲಿಲ್ಲ. ಸ್ವಂತ ಕ್ಲಾಸ್ (ಡೇಟಾವನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಇಡುವ ಅಚ್ಚು) ಬರೆಯುವ ಚಪಲವೂ ಇತ್ತು, ಸುಳ್ಳು ಯಾಕೆ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಪೈತಾನಿನ ಲಿಸ್ಟನ್ನೇ ತಾಯಿ ಕ್ಲಾಸ್ ಮಾಡಿಕೊಂಡು, ಅಂದರೆ ಅದರ ಗುಣಗಳೆಲ್ಲ ತಾನಾಗಿ ಬರುವ ಹಾಗೆ, 'ಮಳೆಪಟ್ಟಿ' ಅಂತ ಒಂದು ಕ್ಲಾಸ್ ಬರೆದೆ. ಮಳೆಯನ್ನು ಸೆಂಟಿನಲ್ಲಿ, ಪೂರ್ಣಾಂಕವಾಗಿ ಇಟ್ಟೆ. 2.35 ಅಂದರೆ 235. ದಶಮಾಂಶದಲ್ಲಿ ಇಟ್ಟರೆ 0.1 ಮತ್ತು 0.2 ಕೂಡಿದಾಗ ಸರಿಯಾಗಿ 0.3 ಬರುವುದಿಲ್ಲ, ಗೊತ್ತಲ್ವಾ. ಕೊನೆಗೆ ಸೇರಿಸುವ ಅಪೆಂಡ್ ಮೆಥಡ್ (ಕ್ಲಾಸ್ ಮಾಡಿಕೊಡುವ ಒಂದು ಕೆಲಸ) ಒಳಗೆ ಒಂದು ಕಾವಲು ಹಾಕಿದೆ: ಒಂದು ದಿನಕ್ಕೆ 25 ಇಂಚಿಗಿಂತ ಜಾಸ್ತಿ ಬಂದರೆ ತಗೋಬೇಡ, ಎರರ್ ಕೊಡು. ಪರೀಕ್ಷೆ ಮಾಡಿದೆ. ಚೆನ್ನಾಗಿ ಓಡಿತು.

ಆ ವಾರ ಅಪ್ಪನಿಗೆ ಒಂದು ಜುಲೈ ತಿಂಗಳ ಒಟ್ಟು ಮಳೆ ಓದಿ ಹೇಳಿದೆ. 300 ಇಂಚಿನ ಮೇಲೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಷ್ಟು ಬಿದ್ದಿದ್ರೆ ನಾವು ಇರ್ತಿದ್ವಾ ಮಾರಾಯ್ತಿ?" ಅಂದರು.

ಹುಡುಕಿದರೆ ಒಂದು ದಿನದ ಲೆಕ್ಕದಲ್ಲಿ ಚುಕ್ಕಿ ಬಿಟ್ಟುಹೋಗಿತ್ತು. 2.35 ಹೋಗಿ 235 ಇಂಚು ಆಗಿತ್ತು. ಅದನ್ನು ತಡೆಯಲಿಕ್ಕೇ ಕಾವಲು ಹಾಕಿದ್ದು ನಾನು. ಮತ್ತೆ ಹೇಗೆ ಒಳಗೆ ಬಂತು? ತಿಂಗಳ ಲೆಕ್ಕವನ್ನು ಒಟ್ಟಿಗೆ ಸೇರಿಸಲು ನಾನು ಬಳಸಿದ್ದು ಎಕ್ಸ್‌ಟೆಂಡ್. ಎಕ್ಸ್‌ಟೆಂಡ್ ಒಳಗೊಳಗೆ ಅಪೆಂಡನ್ನೇ ಕರೆಯುತ್ತದೆ ಅಂತ ನಾನೇ ಅಂದುಕೊಂಡಿದ್ದೆ. ಕರೆಯುವುದಿಲ್ಲ. ಪೈತಾನಿನ ಲಿಸ್ಟ್ ಸಿ ಭಾಷೆಯಲ್ಲಿ ಬರೆದದ್ದು. ಎಕ್ಸ್‌ಟೆಂಡ್ ತನ್ನ ಪಾಡಿಗೆ ನೇರ ಮೆಮೊರಿಗೆ ತುಂಬಿಕೊಳ್ಳುತ್ತದೆ, ನಾನು ಬರೆದ ಅಪೆಂಡ್ ಇದೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. += ಚಿಹ್ನೆಯಿಂದ ಸೇರಿಸಿದರೂ ಅಷ್ಟೇ. ಚೌಕ ಬ್ರಾಕೆಟ್ಟಿನಲ್ಲಿ ಬೆಲೆ ಬದಲಾಯಿಸಿದರೂ ಅಷ್ಟೇ. ಕ್ಲಾಸ್ ಹುಟ್ಟುವಾಗಲೇ ಒಂದು ಲಿಸ್ಟ್ ಕೊಟ್ಟರೂ ಅಷ್ಟೇ. ಉಣಗೋಲು ಹಾಕಿ ಬಂದೆ, ದನ ಬೇಲಿ ಕಂಡಿಯಲ್ಲಿ ನುಗ್ಗಿತು.

ಕಂಡಿಗಳನ್ನು ಒಂದೊಂದಾಗಿ ಮುಚ್ಚಬಹುದಿತ್ತು. ಅಷ್ಟರಲ್ಲಿ ಇನ್ನೊಂದು ತೊಂದರೆ ಕಂಡಿತು. ನನ್ನ ಮಳೆಪಟ್ಟಿಗೆ 'ಮೊದಲ_ದಿನ' ಅಂತ ಒಂದು ತಾರೀಕು ಅಂಟಿಕೊಂಡಿದೆ. ಮಳೆ[172:186] ಅಂತ (0ಯಿಂದ ಎಣಿಸಿದರೆ 1991ರ ಆರಿದ್ರಾ) ಕತ್ತರಿಸಿದರೆ ಬರುವುದು ಮಳೆಪಟ್ಟಿ ಅಲ್ಲ, ಬರೀ ಲಿಸ್ಟ್. ತಾರೀಕು ಮಾಯ. ಎರಡು ಪಟ್ಟಿ ಕೂಡಿದರೂ ಬರೀ ಲಿಸ್ಟ್. ತಾಯಿ ಕ್ಲಾಸಿಗೆ ಮಗಳ ವಿಷಯ ಏನೂ ಗೊತ್ತಿರುವುದಿಲ್ಲ.

ಎರಡನೇ ಸಲ ಯೂಸರ್‌ಲಿಸ್ಟ್ ಹಿಡಿದೆ. ಇದು ಪೈತಾನಿನ ಜೊತೆಗೇ ಬರುವ ಕಲೆಕ್ಷನ್ಸ್ ಮಾಡ್ಯೂಲಿನಲ್ಲಿದೆ. ಹಳೇ ಕಾಲದ್ದು. 2001ರಲ್ಲಿ ಪೈತಾನ್ 2.2 ಬರುವವರೆಗೆ ಲಿಸ್ಟನ್ನು ತಾಯಿ ಕ್ಲಾಸ್ ಮಾಡಿಕೊಳ್ಳಲು ಆಗುತ್ತಲೇ ಇರಲಿಲ್ಲ, ಆಗ ಇದೇ ಗತಿ. ಒಳಗೆ ಡೇಟಾ ಅಂತ ಒಂದು ಮಾಮೂಲಿ ಲಿಸ್ಟ್ ಇಟ್ಟುಕೊಂಡು, ಹೊರಗೆ ಲಿಸ್ಟಿನ ಹಾಗೆ ನಡೆದುಕೊಳ್ಳುತ್ತದೆ. ಕತ್ತರಿಸಿದರೆ ನಮ್ಮದೇ ಕ್ಲಾಸ್ ಮಾಡಿ ಕೊಡುತ್ತದೆ. ಖುಷಿಯಾಯಿತು. ಓಡಿಸಿದರೆ ಎರರ್. ಯಾಕೆಂದರೆ ಅದು ಹೊಸ ತುಂಡನ್ನು ಹುಟ್ಟಿಸುವಾಗ ಒಂದೇ ಒಂದು ವಸ್ತು ಕೊಡುತ್ತದೆ, ಕತ್ತರಿಸಿದ ಲಿಸ್ಟ್ ಮಾತ್ರ. ನನ್ನ ಕ್ಲಾಸಿಗೆ ಎರಡು ಬೇಕು: ಮೊದಲ ದಿನ, ಆಮೇಲೆ ಲೆಕ್ಕ.

ಇದೇ ಪೆಟ್ಟು ಹಿಂದೊಮ್ಮೆ ಆಫೀಸಿನಲ್ಲಿ ಜಾವಾಸ್ಕ್ರಿಪ್ಟ್ ಬರೆಯುವಾಗಲೂ ತಿಂದಿದ್ದೆ. ಅಲ್ಲಿ 2015ರ ಆವೃತ್ತಿಯಿಂದ ಅರೇಯನ್ನು (ಅಲ್ಲಿನ ಲಿಸ್ಟ್) ಸರಿಯಾಗಿ ತಾಯಿ ಕ್ಲಾಸ್ ಮಾಡಿಕೊಳ್ಳಬಹುದು. ಆದರೆ ಪ್ರತಿಯೊಂದನ್ನೂ ಬದಲಾಯಿಸಿ ಕೊಡುವ ಮ್ಯಾಪ್ ಕರೆದರೆ ಅದು ನಮ್ಮ ಕ್ಲಾಸನ್ನೇ ಹುಟ್ಟಿಸುತ್ತದೆ, ಅರೇಯ ಉದ್ದವನ್ನು ಕೈಗೆ ಕೊಟ್ಟು. ಬೇಕಾದದ್ದನ್ನು ಆರಿಸುವ ಫಿಲ್ಟರ್ ಆದರೆ ಸೊನ್ನೆ ಕೊಟ್ಟು. ನನ್ನ ಕ್ಲಾಸ್ ಅಲ್ಲಿ ಒಂದು ಹೆಸರು ಬರುತ್ತದೆ ಅಂತ ಕಾಯುತ್ತಿತ್ತು. ಪರದೆಯ ಮೇಲೆ ಹೆಸರಿನ ಜಾಗದಲ್ಲಿ 0 ಕಂಡಾಗ ಅರ್ಧ ದಿನ ತಲೆ ಕೆರೆದುಕೊಂಡಿದ್ದೇ ಬಂತು.

ಮೂರನೇ ಸಲ ಕೂತಾಗ ಕೋಡ್ ಬರೆಯುವ ಮೊದಲು ಡೈರಿಯನ್ನೇ ಎದುರಿಗೆ ಇಟ್ಟುಕೊಂಡೆ. ಅಷ್ಟರಲ್ಲಿ ಇನ್ನೊಂದು ತಪ್ಪು ಸಿಕ್ಕಿತ್ತು. 33 ವರ್ಷಕ್ಕೆ 12,053 ದಿನ ಆಗಬೇಕು. ನನ್ನ ಪಟ್ಟಿಯ ಉದ್ದ 12,045. ಎಂಟು ಕಮ್ಮಿ. ಎಂಟು ಫೆಬ್ರವರಿ 29! ಚಿಕ್ಕಪ್ಪನ ಮಗ ಒಂದು ವರ್ಷದ ಹಾಳೆಯನ್ನು ಮಾದರಿ ಮಾಡಿಕೊಂಡು ಎಲ್ಲ ವರ್ಷಕ್ಕೂ ಅದನ್ನೇ ಬಳಸಿದ್ದ. ಆ ದಿನ ಹೇಗೂ ಮಳೆ ಇರಲಿಲ್ಲ, ಬಿಟ್ಟರೂ ಒಟ್ಟು ಮೊತ್ತಕ್ಕೆ ಏನೂ ಆಗಿರಲಿಲ್ಲ. ಆದರೆ 1992ರ ಮಾರ್ಚಿನಿಂದ ಮುಂದಿನ ಎಲ್ಲ ದಿನಗಳೂ ಜಾರಿದ್ದವು. 2023ಕ್ಕೆ ಬರುವಾಗ ಎಂಟು ದಿನದ ವ್ಯತ್ಯಾಸ. ಆರಿದ್ರಾಕ್ಕೆ ಬಿದ್ದ ಮಳೆ ಅದರ ಹಿಂದಿನ ಮೃಗಶಿರದ ಲೆಕ್ಕಕ್ಕೆ ಹೋಗುತ್ತಿತ್ತು.

ಆಗ ಹೊಳೆಯಿತು. ನಾನು ಮಾಡುತ್ತಿರುವುದು ಲಿಸ್ಟೇ ಅಲ್ಲ. ಲಿಸ್ಟಿನಲ್ಲಿ ನಡುವೆ ಒಂದನ್ನು ತೂರಿಸಬಹುದು, ಒಂದನ್ನು ಕಿತ್ತು ಹಾಕಬಹುದು, ಉಲ್ಟಾ ಮಾಡಬಹುದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬಹುದು. ಮಳೆ ಡೈರಿಯಲ್ಲಿ ಇದರಲ್ಲಿ ಒಂದೂ ನಡೆಯುವಂತಿಲ್ಲ. ನಡುವೆ ಒಂದು ದಿನ ತೂರಿಸಿದರೆ ಅದರ ಮುಂದಿನ ಅಷ್ಟೂ ದಿನ ಸುಳ್ಳಾಗುತ್ತವೆ. ಅಂಥ ಮೆಥಡ್ ಇದ್ದರೆ ಅಲ್ವಾ ಯಾರಾದರೂ ಕರೆಯುವುದು? ಯಾರಾದರೂ ಅಂದರೆ ನಾನೇ, ರಾತ್ರಿ ಹನ್ನೊಂದಕ್ಕೆ.

ಪೈತಾನಿನಲ್ಲಿ ಇದಕ್ಕೆ ಎರಡು ಅಚ್ಚು ಸಿದ್ಧ ಇವೆ. ಮ್ಯೂಟಬಲ್ ಸೀಕ್ವೆನ್ಸ್ ಅನ್ನುವುದಕ್ಕೆ ಐದು ಮೆಥಡ್ ಬರೆದುಕೊಡಬೇಕು: ತೆಗೆಯುವುದು, ಇಡುವುದು, ಅಳಿಸುವುದು, ಉದ್ದ ಹೇಳುವುದು, ನಡುವೆ ತೂರಿಸುವುದು. ಉಳಿದದ್ದನ್ನು ಅದೇ ಕಟ್ಟಿಕೊಳ್ಳುತ್ತದೆ. ಇಲ್ಲಿ ಎಕ್ಸ್‌ಟೆಂಡ್ ನಿಜವಾಗಿಯೂ ಅಪೆಂಡನ್ನು ಕರೆಯುತ್ತದೆ, ಅಪೆಂಡ್ ನಮ್ಮ ಇನ್ಸರ್ಟನ್ನು ಕರೆಯುತ್ತದೆ. ಕಾವಲನ್ನು ಇನ್ಸರ್ಟಿಗೆ, ಇಡುವ ಮೆಥಡ್ಡಿಗೆ, ಹೀಗೆ ಎರಡೇ ಕಡೆ ಹಾಕಿದರೆ ಸಾಕು. ಎಷ್ಟೋ ಕೆಲಸಕ್ಕೆ ಇದೇ ಸರಿಯಾದ ಅಚ್ಚು. ನನಗೆ ಮಾತ್ರ ಆ ಐದರಲ್ಲಿ ತೂರಿಸುವುದು, ಅಳಿಸುವುದು ಎರಡೂ ಬೇಡ. ಹಾಗಾಗಿ ಇನ್ನೊಂದನ್ನು ಹಿಡಿದೆ, ಬರೀ ಸೀಕ್ವೆನ್ಸ್. ಅದಕ್ಕೆ ಎರಡೇ ಮೆಥಡ್ ಸಾಕು: ಉದ್ದ ಎಷ್ಟು, ಇಂಥ ಜಾಗದಲ್ಲಿ ಏನಿದೆ. ಬರೆಯುವುದಕ್ಕೆ ನಾನೇ ಒಂದು ಮೆಥಡ್ ಮಾಡಿದೆ, ಬರೆ(ದಿನ, ಸೆಂಟು). ಒಳಗೆ ಹೋಗುವುದು ಇದೊಂದೇ ಬಾಗಿಲಿನಿಂದ. ತಾರೀಕು ಹೇಳದೆ ಏನನ್ನೂ ಬರೆಯುವಂತಿಲ್ಲ. ನಡುವೆ ದಿನ ಬಿಟ್ಟುಹೋದರೆ ಅಲ್ಲಿ 'ನನ್' ತುಂಬಿಕೊಳ್ಳುತ್ತದೆ. ಪೈತಾನಿನಲ್ಲಿ ಏನೂ ಇಲ್ಲ ಅನ್ನುವುದಕ್ಕೆ ಇರುವ ಬೆಲೆ ಅದು.

ಸೊನ್ನೆಗೂ ನನ್‌ಗೂ ವ್ಯತ್ಯಾಸ ಇಟ್ಟದ್ದು ಅಪ್ಪನ ಪದ್ಧತಿಯಿಂದ. ಅವರು ಮಳೆ ಬಾರದ ದಿನ ಒಂದು ಗೀಟು ಎಳೆಯುತ್ತಾರೆ. ಮದುವೆಗೋ ಆಸ್ಪತ್ರೆಗೋ ಹೋಗಿ ಮನೆಯಲ್ಲಿ ಇಲ್ಲದಿದ್ದರೆ ಜಾಗ ಖಾಲಿ. ಗೀಟು ಸೊನ್ನೆ, ಖಾಲಿ ನನ್. ಒಟ್ಟು ಹೇಳುವ ಮೆಥಡ್ ಮೊತ್ತದ ಜೊತೆ ಎಷ್ಟು ದಿನ ಖಾಲಿ ಅಂತಲೂ ಹೇಳುತ್ತದೆ. ಅದಿಲ್ಲದೆ ಎರಡು ವರ್ಷ ಹೋಲಿಸುವುದು ಸುಮ್ನೆ.

ಆಮೇಲೆ ತಾರೀಕಿನಿಂದ ಜಾಗ ಹುಡುಕುವ ಭಾಗ. ಸುಲಭ: ಕೇಳಿದ ತಾರೀಕಿನಿಂದ ಮೊದಲ ದಿನವನ್ನು ಕಳೆದರೆ ಎಷ್ಟನೇ ಜಾಗ ಅಂತ ಸಿಗುತ್ತದೆ. ಅಧಿಕ ವರ್ಷದ ತಲೆನೋವು ಡೇಟ್‌ಟೈಮ್ ಮಾಡ್ಯೂಲಿಗೆ. ಆದರೆ ಒಂದು ದಿನ ಸುಮ್ನೆ 1990ರ ಡಿಸೆಂಬರ್ 31 ಕೇಳಿದೆ. ಆ ಡೈರಿ ನನ್ನ ಹತ್ತಿರ ಇಲ್ಲ, ಎರರ್ ಬರಬೇಕಿತ್ತು. ಬಂದದ್ದು 2023ರ ಡಿಸೆಂಬರ್ 31ರ ಲೆಕ್ಕ! ಕಳೆದಾಗ -1 ಬಂತು. ಪೈತಾನಿನಲ್ಲಿ -1 ಅಂದರೆ ಕೊನೆಯದು. ನನಗೆ ಇಷ್ಟವಾದ ಸೌಲಭ್ಯವೇ ಇಲ್ಲಿ ಕೈ ಕೊಟ್ಟಿತ್ತು. ಎರರ್ ಕೊಟ್ಟು ನಿಲ್ಲುವ ತಪ್ಪಿಗಿಂತ ಇಂಥ ಮೌನದ ತಪ್ಪಿಗೆ ನನಗೆ ಭಯ ಜಾಸ್ತಿ.

ಅದನ್ನು ಸರಿಮಾಡಲು ಹೋಗಿ ಇನ್ನೊಂದು ಮಾಡಿಕೊಂಡೆ. ಪಟ್ಟಿಯ ಹೊರಗಿನದು ಏನೇ ಕೇಳಿದರೂ ನನ್ ಕೊಟ್ಟುಬಿಡೋಣ, ಲೆಕ್ಕ ಇಲ್ಲ ಅಂತಲೇ ತಾನೇ ಅರ್ಥ ಅಂದುಕೊಂಡೆ. ಒಟ್ಟು ಕೇಳಿದೆ. ಉತ್ತರ ಇಲ್ಲ. ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯ ಹಾಗೆ ಕೂಗತೊಡಗಿತು. ಕಾರಣ ಇಷ್ಟು. ಸೀಕ್ವೆನ್ಸ್ ನಮಗೆ ಪುಕ್ಕಟೆ ಕೊಡುವ ಲೂಪ್ 0, 1, 2 ಅಂತ ಜಾಗಗಳನ್ನು ಕೇಳುತ್ತಾ ಹೋಗುತ್ತದೆ. ಉದ್ದ ಎಷ್ಟು ಅಂತ ನೋಡುವುದಿಲ್ಲ. ಅಂಥ ಜಾಗವೇ ಇಲ್ಲ ಅನ್ನುವ ಇಂಡೆಕ್ಸ್ ಎರರ್ ಬಂದಾಗ ಮಾತ್ರ ನಿಲ್ಲುತ್ತದೆ. ನಾನು ಎರರನ್ನೇ ತೆಗೆದುಹಾಕಿದ್ದೆ. ಅದು 12,053 ದಾಟಿ, ಇನ್ನೂ ಹುಟ್ಟದ ದಿನಗಳ ಮಳೆ ಕೇಳುತ್ತಾ ಹೋಗುತ್ತಿತ್ತು.

ಈಗ ನಿಯಮ ಹೀಗಿದೆ: ಸಂಖ್ಯೆ ಕೊಟ್ಟರೆ ಮಾಮೂಲಿ ಲಿಸ್ಟಿನ ನಡತೆ, -1 ಅಂದರೆ ಕೊನೆಯದು. ತಾರೀಕು ಕೊಟ್ಟರೆ ಮೊದಲ ದಿನ, ಕೊನೆ ದಿನದ ಒಳಗೇ ಇರಬೇಕು. ಹೊರಗಿದ್ದರೆ ಎರಡರಲ್ಲೂ ಎರರ್.

ಕತ್ತರಿಸುವ ಕೆಲಸಕ್ಕೆ ಪೈತಾನಿನಲ್ಲಿ ಸ್ಲೈಸ್ ಅಂತ ಹೆಸರು. ಸ್ಲೈಸಿನಲ್ಲೇ ಇಂಡಿಸೀಸ್ ಅಂತ ಒಂದು ಮೆಥಡ್ ಇದೆ. ನಮ್ಮ ಉದ್ದ ಹೇಳಿದರೆ ಎಲ್ಲಿಂದ, ಎಲ್ಲಿಗೆ, ಎಷ್ಟೆಷ್ಟು ಬಿಟ್ಟು ಅನ್ನುವುದನ್ನು ಲೆಕ್ಕ ಹಾಕಿ ಕೊಡುತ್ತದೆ. ಇದು ಗೊತ್ತಿಲ್ಲದೆ ನಾನು ಹದಿನೈದು ಸಾಲು ಬರೆದಿದ್ದೆ, ಎಲ್ಲ ಅಳಿಸಿದೆ. ಮಳೆ[::7] ಅಂತ ಏಳು ದಿನಕ್ಕೊಮ್ಮೆ ಕೇಳಿದರೆ ಎರರ್ ಕೊಡುತ್ತೇನೆ, ಯಾಕೆಂದರೆ ಹಾಗೆ ಆರಿಸಿದ್ದಕ್ಕೆ ಒಂದು ಮೊದಲ ದಿನ ಅಂಟಿಸಿ ಮುಂದಿನದ್ದನ್ನು ಎಣಿಸಲು ಬರುವುದಿಲ್ಲ. ಇನ್ನೊಂದು ಗೊಂದಲ ಕೊನೆಯ ದಿನದ್ದು. ಪೈತಾನಿನ ಸ್ಲೈಸಿನಲ್ಲಿ ಕೊನೆಯದು ಸೇರುವುದಿಲ್ಲ. ಅಪ್ಪ "5ರವರೆಗೆ" ಅಂದರೆ 5 ಸೇರಿತು. ಚೌಕ ಬ್ರಾಕೆಟ್ಟಿಗೆ ಪೈತಾನಿನ ನಿಯಮವನ್ನೇ ಬಿಟ್ಟು, ಅಪ್ಪನ ನಿಯಮಕ್ಕೆ 'ವರೆಗೆ' ಅಂತ ಬೇರೆ ಮೆಥಡ್ ಮಾಡಿದೆ. ಎರಡನ್ನೂ ಒಂದರಲ್ಲೇ ತುರುಕಿದ್ದರೆ ಮುಂದಿನ ವರ್ಷ ನನಗೇ ನೆನಪಿರುತ್ತಿರಲಿಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಪೈತಾನ್ 3 ಬಂದ 2008ರಿಂದಲೇ ಇದಕ್ಕೆ ಅವಕಾಶ ಇದೆ. ಒಂದೇ ಕಡೆ ಸಿಕ್ಕಿಬಿದ್ದೆ. 'ರೆಕಾರ್ಡ್‌ಗಳು' ಅಂತ ಹೆಸರಿಟ್ಟರೆ ಪೈತಾನ್ ಒಪ್ಪಲಿಲ್ಲ. ಡಕಾರದ ಅರ್ಧಾಕ್ಷರಕ್ಕೆ ಗಕಾರ ಒತ್ತಾಗಿ ಸೇರಿಕೊಳ್ಳಬಾರದು ಅಂತ ನಾವು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಹೆಸರಿನೊಳಗೆ ಅದಕ್ಕೆ ಜಾಗವಿಲ್ಲ. 'ದಾಖಲೆಗಳು' ಅಂತ ಬದಲಾಯಿಸಿದೆ. ಹಳೆಯ ಡೈರಿಗಳಲ್ಲಿ ಅಪ್ಪ ಕನ್ನಡ ಅಂಕಿ ಬರೆದಿದ್ದರು, ಹಾಗೇ ಟೈಪ್ ಮಾಡಿದ್ದೆವು. ಅದನ್ನು ಹೇಗೆ ಬದಲಾಯಿಸುವುದು ಅಂತ ಯೋಚಿಸುತ್ತಿದ್ದೆ. ಬರಹದಿಂದ ಪೂರ್ಣಾಂಕ ಮಾಡುವ ಇಂಟ್ ಅನ್ನುವುದಕ್ಕೆ '೨೩೫' ಕೊಟ್ಟು ನೋಡಿದರೆ 235 ಅಂತ ತಾನೇ ಓದಿಕೊಂಡಿತು. ಆ ದಿನ ಪೈತಾನ್ ಮೇಲೆ ಪ್ರೀತಿ ಉಕ್ಕಿತು.

ಸೀಕ್ವೆನ್ಸ್ ಹಿಡಿದದ್ದಕ್ಕೆ ಸ್ವಲ್ಪ ದಂಡ ಕಟ್ಟಬೇಕು. ಇದು ಲಿಸ್ಟ್ ಅಲ್ಲದ ಕಾರಣ, ಡೇಟಾವನ್ನು ಫೈಲಿನಲ್ಲಿ ಪಠ್ಯವಾಗಿ ಉಳಿಸುವ ರೂಪವಾದ ಜೇಸಾನ್‌ಗೆ ನೇರ ಬರೆಯಲು ಆಗುವುದಿಲ್ಲ, ಮೊದಲ ದಿನ ಮತ್ತು ಲೆಕ್ಕ ಎರಡನ್ನೂ ಬಿಡಿಸಿ ಕೊಡುವ ಪುಟ್ಟ ಮೆಥಡ್ ಬೇಕಾಯಿತು. ಎರಡು ಪಟ್ಟಿ ಸಮವೇ ಅಂತ ನೋಡುವುದನ್ನೂ ನಾನೇ ಬರೆದೆ. ಪುಕ್ಕಟೆ ಲೂಪ್ ನಿಧಾನ, ಅದರ ಬದಲು ಒಳಗಿನ ಲಿಸ್ಟಿನ ಲೂಪನ್ನೇ ಕೊಡುವ ಒಂದು ಸಾಲು ಹಾಕಿದೆ.

ಇನ್ನೂ ಬಗೆಹರಿಯದ ಒಂದಿದೆ. ಅಪ್ಪ ಎರಡು ದಿನ ಮನೆಯಲ್ಲಿ ಇಲ್ಲದಿದ್ದರೆ ಗೇಜಿನಲ್ಲಿ ಮೂರು ದಿನದ ನೀರು ಒಟ್ಟಿಗೆ ಇರುತ್ತದೆ. ಮೊತ್ತ ಸರಿ ಬರುತ್ತದೆ, ಮಳೆ ಬಂದ ದಿನ ಎಷ್ಟು ಅನ್ನುವ ಎಣಿಕೆ ತಪ್ಪುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಬಂದರೆ ಅದು ಮಳೆ ದಿನ, ನಮ್ಮಲ್ಲಿ ಹತ್ತು ಸೆಂಟು. ಆ ಮೂರು ದಿನದಲ್ಲಿ ಹತ್ತು ಸೆಂಟು ದಾಟಿದ್ದು ಯಾವುದು ಅಂತ ಯಾವ ಕ್ಲಾಸೂ ಹೇಳುವುದಿಲ್ಲ. ಸದ್ಯಕ್ಕೆ ಅಂಥ ದಿನಗಳಿಗೆ ಒಂದು ಗುರುತು ಹಾಕಿ ಬಿಟ್ಟಿದ್ದೇನೆ.

ಈಗ ಬೆಳಿಗ್ಗೆ ಅಪ್ಪ ಮೊಬೈಲಿನಲ್ಲಿ ಮೆಸೇಜ್ ಹಾಕುತ್ತಾರೆ, ನಾನು ಆಫೀಸಿಗೆ ಹೊರಡುವ ಮೊದಲು ಅದನ್ನು ಪಟ್ಟಿಗೆ ಸೇರಿಸುತ್ತೇನೆ. ಮೊನ್ನೆ "0.4" ಅಂತ ಬಂತು. ಚುಕ್ಕಿಯ ಮುಂದೆ ಎರಡು ಅಂಕಿ ಇಲ್ಲ ಅಂತ ಬರೆ ಮೆಥಡ್ ಒಪ್ಪಲಿಲ್ಲ. ಫೋನ್ ಮಾಡಿದೆ.

"ಅಪ್ಪ, ಇವತ್ತಿಂದು ನಾಲ್ಕಾ, ನಲವತ್ತಾ?"

"ನಾಲ್ಕೇ. ಅಂಗಳ ಸಹ ಸರಿ ನೆನೆಯಲಿಲ್ಲ" ಅಂದರು.

0.04 ಅಂತ ಹಾಕಿದೆ.