ಆನ್‌ಲೈನ್ ಗಾಲ್ಫ್: ಪ್ರಾಕ್ಟೀಸ್‌ಗೆ ಯಾವ ಬಾಲ್?

ಆಟದಲ್ಲಿ ದುಡ್ಡು ಕೊಟ್ಟು ಕೊಂಡ ದುಬಾರಿ ಬಾಲನ್ನು ಪಂದ್ಯಕ್ಕೆಂದು ಎತ್ತಿಟ್ಟು, ಪ್ರಾಕ್ಟೀಸನ್ನೆಲ್ಲ ಉಚಿತ ಬಾಲ್‌ನಲ್ಲೇ ಮಾಡುವವರು ಪಂದ್ಯದ ಮೊದಲ ಹೋಲ್‌ನಲ್ಲೇ (ಕುಳಿಯಲ್ಲೇ) ಎಡವುತ್ತಾರೆ. ಗಾಲ್ಫ್ ಕ್ಲ್ಯಾಶ್ ಎಂಬ ಮೊಬೈಲ್ ಆಟದಲ್ಲಿ ಬಾಲ್ ಬದಲಾದರೆ ಗಾಳಿ ತಡೆಯುವ ಗುಣ, ಪವರ್, ಸೈಡ್ ಸ್ಪಿನ್ (ಪಕ್ಕಕ್ಕೆ ತಿರುಗುವ ಗುಣ) ಬದಲಾಗುತ್ತವೆ. ಡಬ್ಲ್ಯೂಜಿಟಿ (ವರ್ಲ್ಡ್ ಗಾಲ್ಫ್ ಟೂರ್) ಎಂಬ ಇನ್ನೊಂದು ಆಟದಲ್ಲಿ ಮೀಟರ್ (ಗೆರೆ ಮುಟ್ಟಿದಾಗ ಒತ್ತಬೇಕಾದ ಓಡುವ ಪಟ್ಟಿ) ಓಡುವ ವೇಗವೂ ಬಾಲ್ ಮೇಲೆ ನಿಂತಿದೆ. ಓಡುವ ಮೀಟರ್‌ಗೆ ಒಗ್ಗಿದ ಬೆರಳು, ನಿಧಾನದ ಮೀಟರ್ ಬಂದಾಗ ಗೆರೆ ಮುಟ್ಟುವ ಮೊದಲೇ ಒತ್ತಿಬಿಡುತ್ತದೆ. ಹೊಡೆತ ಪಕ್ಕಕ್ಕೆ ಹೋಗುತ್ತದೆ.

ಆದ್ದರಿಂದ ಕೆಲಸ ಹಂಚಿಕೊಳ್ಳಿ. ಹೋಲ್‌ನ ದಾರಿ, ಬಂಕರ್ (ಮರಳುಗುಂಡಿ) ಎಲ್ಲಿದೆ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಯಾವ ಕಡೆ ಇಳಿಜಾರು ಎಂದು ತಿಳಿಯಲು ಉಚಿತ ಬಾಲ್ ಸಾಕು. ಮೀಟರ್‌ನ ಟೈಮಿಂಗ್, ಗ್ರೀನ್ ಮೇಲೆ ಬಾಲ್ ನಿಲ್ಲಿಸುವುದು, ಪಟ್ (ಕುಳಿಗೆ ಉರುಳಿಸುವ ಮೆಲು ಹೊಡೆತ), ಈ ಮೂರಕ್ಕೆ ಮಾತ್ರ ಪಂದ್ಯದ ಬಾಲೇ ಬೇಕು.

ಎರಡು ಬಾಲ್‌ಗಳ ವ್ಯತ್ಯಾಸ ಅಳೆಯುವುದು ಹೀಗೆ. ಗಾಳಿ ಕಡಿಮೆ ಇರುವ ಒಂದೇ ಹೋಲ್, ಒಂದೇ ಕ್ಲಬ್ (ಗಾಲ್ಫ್ ಕೋಲು), ಒಂದೇ ಪವರ್. ಮೊದಲು ಉಚಿತ ಬಾಲ್‌ನಲ್ಲಿ 10 ಹೊಡೆತ, ಆಮೇಲೆ ಪಂದ್ಯದ ಬಾಲ್‌ನಲ್ಲಿ 10. ಬಾಲ್ ಬಿದ್ದ ಜಾಗ ಎಷ್ಟು ಗಜ, ಬಿದ್ದ ಮೇಲೆ ಉರುಳಿದ್ದು ಎಷ್ಟು, ಎರಡನ್ನೂ ಬೇರೆ ಬೇರೆ ಬರೆಯಿರಿ. ಒಟ್ಟು ದೂರ ಮಾತ್ರ ಬರೆದರೆ ಮೋಸ ಹೋಗುತ್ತೀರಿ: 150 ಹಾರಿ 12 ಉರುಳುವ ಬಾಲೂ, 157 ಹಾರಿ 5 ಉರುಳುವ ಬಾಲೂ 162ಕ್ಕೇ ನಿಲ್ಲುತ್ತವೆ, ಆದರೆ 153ರಲ್ಲಿ ಬಂಕರ್ ಇದ್ದರೆ ಮೊದಲನೆಯದು ನೇರ ಮರಳಿಗೆ. ಗಾಳಿ ಆಷಾಢದ ಚಾಮುಂಡಿ ಬೆಟ್ಟದ ಹಾಗೆ ಬೀಸುವ ಹೋಲ್ ಪಂದ್ಯದಲ್ಲಿದ್ದರೆ, ಅಲ್ಲೂ ಇದೇ ಲೆಕ್ಕ ಇನ್ನೊಮ್ಮೆ ಮಾಡಿ.

ಇನ್ನು ದುಡ್ಡು. ಹೊಡೆತಕ್ಕಿಷ್ಟು ಎಂದು ಬಾಲ್ ಸವೆಯುವ ಆಟವಾದರೆ ಹೀಗೆ ಲೆಕ್ಕ ಹಾಕಿ: 3 ಬಾಲ್‌ಗೆ 120 ರೂಪಾಯಿ, ಒಂದೊಂದಕ್ಕೆ 40 ಹೊಡೆತ ಎಂದಿಟ್ಟುಕೊಂಡರೆ ಹೊಡೆತಕ್ಕೆ 1 ರೂಪಾಯಿ. 72 ಹೊಡೆತದ ಇಡೀ ರೌಂಡ್‌ಗೆ 72; ಮೇಲೆ ಹೇಳಿದ 10 ಹೊಡೆತ, ಜೊತೆಗೆ 10 ಪಟ್‌ಗೆ ಬರೀ 20. ಬಾಲ್ ನೀರಿಗೆ ಬಿದ್ದರೆ ಕಳೆದೇ ಹೋಗುವ ಆಟದಲ್ಲಿ, 30 ಹೊಡೆತ ಉಳಿದ ಬಾಲ್ ಕೆರೆಗೆ ಹೋದರೆ 30 ರೂಪಾಯಿ ಹೋದ ಹಾಗೆ. ನೀರು ದಾಟಿಸುವ ಹೋಲ್‌ಗಳ ದಾರಿಯನ್ನು ಉಚಿತ ಬಾಲ್‌ನಲ್ಲೇ ಕಲಿಯಿರಿ. ಪ್ರಾಕ್ಟೀಸ್‌ನಲ್ಲಿ ಬಾಲ್ ಸವೆಯುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ, ಬ್ಯಾಗ್‌ನಲ್ಲಿರುವ ಲೆಕ್ಕ ನೋಡಿ, ಎರಡು ಹೊಡೆತ ಹೊಡೆದು ಮತ್ತೆ ನೋಡಿ.

ಮಂಡ್ಯ–ಮೈಸೂರು ರೈಲಿನಲ್ಲಿ ಕೂತು ಆಡುವಾಗಲೂ ಉಚಿತ ಬಾಲೇ ಸರಿ. ಕುಲುಕಾಟಕ್ಕೆ ಬೆರಳು ತಪ್ಪುತ್ತದೆ. ಬ್ಯಾಟರಿ ಸೇವರ್ ಆನ್ ಆಗಿದ್ದರೆ, ಫೋನ್ ಕಾದಿದ್ದರೆ ಮೀಟರ್ ಬಿಟ್ಟುಬಿಟ್ಟು ಓಡುತ್ತದೆ. ಅದು ಬಾಲ್‌ನ ತಪ್ಪಲ್ಲ.

ನಿಜವಾದ ಗಾಲ್ಫ್‌ನಲ್ಲೂ ದೊಡ್ಡ ಪಂದ್ಯಗಳಲ್ಲಿ ರೌಂಡ್ ಪೂರ್ತಿ ಒಂದೇ ಮಾಡೆಲ್ ಬಾಲ್ ಬಳಸಬೇಕೆಂಬ ಸ್ಥಳೀಯ ನಿಯಮ ಹಾಕುವುದುಂಟು. ನೀವೂ ಪಂದ್ಯಕ್ಕೆ ಎರಡು ದಿನ ಇರುವಾಗ ಯಾವ ಬಾಲ್ ಎಂದು ಗಟ್ಟಿಮಾಡಿಕೊಳ್ಳಿ, ಆಮೇಲೆ ಬದಲಿಸಬೇಡಿ. ಕೊನೆಯ ಸಂಜೆ ಅದರಲ್ಲೇ 10 ಪಟ್ ಹೊಡೆದು ಫೋನ್ ಕೆಳಗಿಡಿ.